ಮಗ್ಗದ ಮೇಲಿನ ಕೆಂಪು ದೀಪ

ಮುಧೋಳ
18 ಜೂನ್ 2024

ಸೋಮವ್ವ ಅವರಿಗೆ,

ನಾನು ಬ್ರಾಹ್ಮಿ. ರಬಕವಿಯ ಹೈಸ್ಕೂಲಿನಲ್ಲಿ ನಿಮ್ಮ ರಾಜಶ್ರೀಗೆ ವಿಜ್ಞಾನ ಕಲಿಸಿದವಳು. ಈಗ ಮುಧೋಳಕ್ಕೆ ವರ್ಗವಾಗಿ ಬಂದಿದ್ದೇನೆ. ಒಮ್ಮೆ ಪಾಲಕರ ಸಭೆಗೆ ನೀವು ಬಂದಿದ್ದಿರಿ. ನಾನು ಮಾತು ಮುಗಿಸುವವರೆಗೂ ಕಣ್ಣು ಕೀಳದೆ ನನ್ನ ಮುಖವನ್ನೇ ನೋಡುತ್ತ ನಿಂತಿದ್ದಿರಿ. ಅಷ್ಟು ಲಕ್ಷ್ಯಗೊಟ್ಟು ಕೇಳುವ ತಾಯಿಯನ್ನು ನಾನು ಮತ್ತೆ ಕಂಡಿಲ್ಲ.

ಹೋದ ವಾರ ಫೋನ್ ಮಾಡಿದ್ದೆ. ನಾನು ಇಷ್ಟುದ್ದ ಹೇಳಿದೆ, ನೀವು "ಹೂಂ ರೀ" ಎಂದು ಇಟ್ಟುಬಿಟ್ಟಿರಿ. ಮಗಳ ಹೆಸರು ಕೇಳಿ ಮಾತು ಕಟ್ಟಿರಬೇಕು ಎಂದುಕೊಂಡು ಈ ಪತ್ರ ಬರೆಯುತ್ತಿದ್ದೇನೆ.

ವಿಷಯ ಇದು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಹೈಸ್ಕೂಲು ಮಕ್ಕಳು ವಿಜ್ಞಾನದ ಬಗ್ಗೆ, ಅದು ನಮ್ಮ ಬದುಕಿನೊಳಗೆ ಬಂದ ಬಗೆಯ ಬಗ್ಗೆ ಬರೆದ ಕಥೆ-ಕವಿತೆಗಳನ್ನು ನಾವು ಕೆಲವು ಶಿಕ್ಷಕರು ಸೇರಿ ಪುಸ್ತಕ ಮಾಡುತ್ತಿದ್ದೇವೆ. ತುಬಚಿಯ ಹುಡುಗನೊಬ್ಬ ಹೊಳೆಯ ನೀರು ಪೈಪಿನೊಳಗೆ ಏರು ಹತ್ತುವುದರ ಮೇಲೆ ಕವಿತೆ ಬರೆದಿದ್ದಾನೆ. ಬೀಳಗಿ ಕಡೆಯ ಹುಡುಗಿ ತನ್ನ ಕಥೆಯಲ್ಲಿ ಹಿನ್ನೀರಿನಲ್ಲಿ ಮುಳುಗಿದ ಊರಿಗೆ ಮೀನುಗಳನ್ನು ಒಕ್ಕಲು ಕಳಿಸಿದ್ದಾಳೆ. ರನ್ನ ಬೆಳಗಲಿಯ ಹುಡುಗ ಬೆಲ್ಲವನ್ನು ಬೆಳ್ಳಗೆ ಮಾಡುವ ಪುಡಿಯ ಬಗ್ಗೆ ಖಡಕ್ಕಾಗಿ ಬರೆದು, ಕೆಳಗೆ "ನಮ್ಮಪ್ಪಗ ತೋರಸಬ್ಯಾಡ್ರಿ" ಎಂದು ಸಹಿ ಹಾಕಿದ್ದಾನೆ.

ರಾಜಶ್ರೀ ಒಂದು ಕಥೆ ಬರೆದಿದ್ದಳು. "ಅವ್ವನ ದೀಪ" ಎಂದು ಹೆಸರು. ಹೋದ ಶ್ರಾವಣದಲ್ಲಿ ನನ್ನ ಕೈಗೆ ಕೊಟ್ಟಿದ್ದಳು. ನಾನು ಓದಿ ಮರಳಿ ಕೊಡುವಷ್ಟರಲ್ಲಿ ಆ ಡೆಂಗಿ ಜ್ವರ ಬಂದು ಅವಳನ್ನು ಒಯ್ದಿತು. ಕಥೆ ನನ್ನ ಬಳಿಯೇ ಉಳಿಯಿತು.

ಕಥೆಯಲ್ಲಿ ಒಬ್ಬ ಹುಡುಗಿ. ವಿದ್ಯುತ್ ಮಗ್ಗದ ಸದ್ದಿನಲ್ಲಿ ದುಡಿದೂ ದುಡಿದೂ ಅವಳ ತಾಯಿಗೆ ಕಿವಿ ಹೋಗಿವೆ. ಹುಡುಗಿ ಮಗ್ಗದ ಮೇಲೆ ಕೆಂಪು ದೀಪವೊಂದನ್ನು ತೂಗುಹಾಕಿ, ಅದರ ಗುಂಡಿಯನ್ನು ಬಾಗಿಲ ಹತ್ತಿರ ಕೂಡಿಸುತ್ತಾಳೆ. "ಅವ್ವಾ" ಎಂದು ಕೂಗುವ ಬದಲು ಗುಂಡಿ ಒತ್ತುತ್ತಾಳೆ. ಆ ವಯಸ್ಸಿಗೆ ಎಂಥ ಕಲ್ಪನೆ ನೋಡಿ!

ಅವಳ ಕೈಬರಹದ ಮೂರು ಹಾಳೆಗಳ ಝೆರಾಕ್ಸ್ ಇದರೊಂದಿಗೆ ಇಟ್ಟಿದ್ದೇನೆ. ಪುಸ್ತಕದಲ್ಲಿ ಹಾಕಲು ನಿಮ್ಮ ಒಪ್ಪಿಗೆ ಬೇಕು. ಒಂದು ಸಾಲು ಬರೆದರೂ ಸಾಕು. ಅವಳದೊಂದು ಫೋಟೋ ಕೂಡ.

ನಿಮ್ಮ
ಬ್ರಾಹ್ಮಿ

&nbsp;

ಬನಹಟ್ಟಿ
2 ಜುಲೈ 2024

ಬ್ರಾಹ್ಮಿ ಅಕ್ಕೋರಿಗೆ ಸೋಮವ್ವನ ನಮಸ್ಕಾರ.

ಪತ್ರದ ಮೊದಲಿಗೆ ನಾವೆಲ್ಲ ಆರಾಮ ಇದ್ದೇವೆ ಎಂದು ಬರೆಯಬೇಕು ಎಂದು ರಾಜಿಯೇ ನನಗೆ ಕಲಿಸಿದ್ದಳು. ಬರೆದೆ, ಆಮೇಲೆ ಹೊಡೆದು ಹಾಕಿದೆ. ಸಿಟ್ಟಾಗಬೇಡಿರಿ.

ನಾನು ಐದನೆಯ ಇಯತ್ತೆ ಅರ್ಧಕ್ಕೆ ಬಿಟ್ಟವಳು. ನೂಲು ಸುತ್ತಲು ಕೂಡಿಸಿದರು, ಸಾಲಿ ಅಲ್ಲಿಗೆ ನಿಂತಿತು. ಉಳಿದದ್ದು ರಾಜಿ ಮನೆಯಲ್ಲಿ ಅಭ್ಯಾಸ ಮಾಡುವಾಗ ಮಗ್ಗುಲಲ್ಲಿ ಕುಳಿತು ಕಲಿತದ್ದು. ಆದ್ದರಿಂದ ತಪ್ಪುಗಳಿದ್ದರೆ ನಿಮ್ಮ ಹುಡುಗರಿಗೆ ತೋರಿಸಿ ನಗಬೇಡಿರಿ. ನೀವು ನಗುವವರಲ್ಲ, ಗೊತ್ತು. ಆದರೂ ಬರೆದೆ.

ಫೋನು ಸರಿ ಇಲ್ಲ ರೀ. ಬ್ಯಾಟರಿ ನಿಲ್ಲುವುದಿಲ್ಲ. ಓಣಿಯಲ್ಲಿ ರೇಂಜೂ ಸಿಗುವುದಿಲ್ಲ. ನೀವು ಪತ್ರವನ್ನೇ ಬರೆಯಿರಿ. ಪತ್ರವಾದರೆ ಛಲೋ.

ಮೂರು ಹಾಳೆಯಲ್ಲಿ ಎರಡು ಓದಿದೆ. ಮೂರನೆಯದನ್ನು ಮಡಚಿ ದೇವರ ಜಗಲಿಯ ಮೇಲೆ ಇಟ್ಟಿದ್ದೇನೆ. ಅದೂ ಓದಿದರೆ ಅವಳದು ಓದುವುದು ಏನೂ ಉಳಿಯುವುದಿಲ್ಲವಲ್ಲ ಎಂದು. ಅವಳು ಪೆನ್ನು ಬಹಳ ಒತ್ತಿ ಬರೆಯುತ್ತಿದ್ದಳು, ಹಾಳೆಯ ಹಿಂದೆ ಕೈಯಾಡಿಸಿದರೆ ಅಕ್ಷರ ತಾಗುತ್ತಿದ್ದವು. ಝೆರಾಕ್ಸಿನಲ್ಲಿ ಅದು ಬರುವುದಿಲ್ಲ ಕಾಣುತ್ತದೆ. ಕೈಯಾಡಿಸಿ ನೋಡಿದೆ, ಬರೀ ನುಣುಪು.

ಒಪ್ಪಿಗೆ ಇದೆ ರೀ. ಆದರೆ ನನಗೆ ಕೆಲವು ಕಾಳಜಿ ಹತ್ತಿವೆ. ಅವಳ ಹೆಸರಿನ ಹಿಂದೆ ದಿವಂಗತ ಎಂದು ಹಾಕುತ್ತೀರೇನು? ಹಾಕಬೇಡಿರಿ. ಉಳಿದ ಮಕ್ಕಳ ಹೆಸರಿನ ಹಿಂದೆ ಏನು ಇರುತ್ತದೆಯೋ ಅದೇ ಇರಲಿ. ಇಯತ್ತೆ ಯಾವುದು ಹಾಕುತ್ತೀರಿ? ಅವಳ ಗೆಳತಿಯರೆಲ್ಲ ಈಗ ಹತ್ತನೆಯದಕ್ಕೆ ಹೋದರು. ಒಂಬತ್ತು ಎಂದು ಹಾಕಿದರೆ ನಪಾಸಾದಳು ಎಂದುಕೊಳ್ಳುವುದಿಲ್ಲವೇನು ಓದಿದವರು? ಮತ್ತೊಂದು. ಪುಸ್ತಕ ಹಳೆಯದಾದ ಮೇಲೆ ಜನ ರದ್ದಿಗೆ ಹಾಕುತ್ತಾರೆ. ಅವಳ ಹೆಸರಿನ ಹಾಳೆಯಲ್ಲಿ ಯಾರಾದರೂ ಚುರುಮುರಿ ಕಟ್ಟಿಕೊಟ್ಟರೆ ಏನು ಮಾಡುವುದು? ಇದಕ್ಕೆ ನೀವೇನೂ ಮಾಡಲಿಕ್ಕಾಗದು. ಆದರೂ ಮನಸ್ಸಿಗೆ ಬಂತು.

ಕಡೆಯದಾಗಿ ಒಂದು ಮಾತು. ಕಥೆಯ ಅವ್ವ ಕಿವುಡಿ ಎಂದಿದೆ. ಪುಸ್ತಕ ನಮ್ಮ ಊರಿಗೂ ಬರುತ್ತದೆ. ಓದಿದವರು ರಾಜಿಯ ಅವ್ವ ಎಂದರೆ ಸೋಮವ್ವನೇ ಅಲ್ಲವೇ ಎನ್ನುತ್ತಾರೆ. ನನಗೆ ಕಿವಿ ಛಲೋ ಕೇಳುತ್ತವೆ ರೀ. ಕಥೆಯ ಅವ್ವನಿಗೂ ಕೊನೆಗಾದರೂ ಕೇಳಲಿ. ನೀವು ತಿದ್ದುವವರು, ನಿಮಗೆ ಅದೇನು ದೊಡ್ಡದಲ್ಲ. ಅಷ್ಟು ಮಾಡಿರಿ.

ಫೋಟೋ ಇಟ್ಟಿದ್ದೇನೆ. ಸಾಲಿಯ ಕಾರ್ಡಿಗೆ ತೆಗೆಸಿದ್ದು. ಫೋಟೋದವನು "ನಗಬ್ಯಾಡ" ಎಂದು ಹೆದರಿಸಿದನಂತೆ, ಅದಕ್ಕೇ ಹೀಗೆ ಬಂದಿದೆ. ಹೀಗೆ ಇರಲಿಲ್ಲ ಅವಳು.

ಸೋಮವ್ವ

&nbsp;

ಮುಧೋಳ
16 ಜುಲೈ 2024

ಸೋಮವ್ವ ಅವರಿಗೆ,

ನಿಮ್ಮ ಪತ್ರ, ಫೋಟೋ ಎರಡೂ ಮುಟ್ಟಿದವು. ದಿವಂಗತ ಎಂದು ಹಾಕುವುದಿಲ್ಲ. ಎಲ್ಲ ಮಕ್ಕಳ ಹೆಸರಿಗೂ ಬರೆದಾಗ ಓದುತ್ತಿದ್ದ ಇಯತ್ತೆಯನ್ನೇ ಹಾಕುತ್ತೇವೆ. ಯಾರೂ ನಪಾಸು ಎನ್ನುವುದಿಲ್ಲ.

ಕಥೆಯ ಕೊನೆಯ ಬಗ್ಗೆ ನಮ್ಮಲ್ಲೂ ಜಗ್ಗಾಟ ನಡೆದಿತ್ತು. ನಮ್ಮ ಸಂಪಾದಕ ಮಂಡಳಿಯ ಹಿರಿಯರು ಶಿದ್ರಾಮಪ್ಪ ಸರ್. ಮೇಜು ಕುಟ್ಟಿ ಹೇಳಿದರು: "ಅಲ್ರೀ, ಇದು ಹುಡುಗರ ಪುಸ್ತಕ. ಓದಿದವ್ರು ಅಳಕೋತ ಮನಿಗೆ ಹೋಗಬೇಕೇನು? ಆ ತಾಯಿಗೆ ಒಂದು ಕಿವಿ ಮಷೀನ್ ಕೊಡಸ್ರಿ. ಸೈನ್ಸಿಗೂ ಮಾನ ಬರ್ತೈತಿ, ಕಥಿಗೂ ಒಂದು ದಡ ಸಿಗತೈತಿ." ನಾನು ಬಿಟ್ಟುಕೊಟ್ಟಿರಲಿಲ್ಲ. ಹುಡುಗಿ ಬರೆದದ್ದು ಹಾಗೇ ಇರಲಿ ಎಂದು ವಾದ ಹೂಡಿದ್ದೆ. "ನಿಮ್ಮ ಮಾತ ಖರೆ, ಆದ್ರ ಆಕಿ ತಾಯಿನ್ನ ಕೇಳ್ರಿ ಮೊದ್ಲ" ಎಂದರು. ಅಷ್ಟರಲ್ಲಿ ನಿಮ್ಮ ಪತ್ರ ಬಂತು. ನೀವೇ ಹೀಗೆ ಕೇಳಿದ ಮೇಲೆ ನಾನು ಯಾರು ತಡೆಯಲು? ಕೊನೆಯ ಒಂದು ಪುಟ ಹೊಸದಾಗಿ ಬರೆಯುತ್ತೇನೆ. ಜಮಖಂಡಿಯ ಪ್ರೆಸ್ಸಿಗೆ ಕೊಡುವ ಮೊದಲು ಫೋನಿನಲ್ಲಿ ಓದಿ ಹೇಳುತ್ತೇನೆ. ಆಗ ಬ್ಯಾಟರಿ ತುಂಬಿಸಿ ಇಟ್ಟುಕೊಳ್ಳಿ.

ಒಂದು ಕುತೂಹಲ. ಅಂಥ ದೀಪವನ್ನು ಅವಳು ನಿಜವಾಗಿಯೂ ಮಾಡಿ ನೋಡಿದ್ದಳೇ?

ಬ್ರಾಹ್ಮಿ

&nbsp;

ಬನಹಟ್ಟಿ
5 ಆಗಸ್ಟ್ 2024

ಅಕ್ಕೋರೆ,

ಪತ್ರ ಮುಟ್ಟಿತು. ನೀವು ಕೇಳಿದ ದೀಪದ ಮಾತು. ನಮ್ಮ ಮನೆಯಲ್ಲಿ ದೀಪಗಳು ಎಲ್ಲರ ಮನೆಯಲ್ಲಿ ಇದ್ದಂತೆ ಇವೆ ರೀ.

ಮಳೆ ಬಹಳ. ಗೋಡೆಗಳೆಲ್ಲ ತಂಪು ಹಿಡಿದಿವೆ. ಮನೆಯವರು ಇಚಲಕರಂಜಿಯ ಮಗ್ಗದಲ್ಲಿ ಇದ್ದಾರೆ, ಅಮಾವಾಸ್ಯೆಗೊಮ್ಮೆ ಬಂದು ಹೋಗುತ್ತಾರೆ. ನಾನೊಬ್ಬಳೇ. ಫೋನು ಇನ್ನೂ ಸರಿ ಆಗಿಲ್ಲ. ಓದಿ ಹೇಳುವ ಬದಲು ಬರೆದು ಕಳಿಸಿದರೆ ಛಲೋ ಆಗುತ್ತದೆ. ತೊಂದರೆ ಎಂದರೆ ಬೇಡ.

ಮಳೆಯಲ್ಲಿ ಪ್ರೆಸ್ಸಿನ ಕಾಗದ ತೊಯ್ಯುವುದಿಲ್ಲ ತಾನೇ?

ಸೋಮವ್ವ

&nbsp;

ಮುಧೋಳ
2 ಸೆಪ್ಟೆಂಬರ್ 2024

ಸೋಮವ್ವ ಅವರಿಗೆ,

ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಆದರೂ ಬರೆಯುತ್ತಿದ್ದೇನೆ.

ಹೋದ ವಾರ ಫೋನ್ ಮಾಡಿ ಹೊಸ ಕೊನೆಯನ್ನು ಪೂರಾ ಓದಿ ಹೇಳಿದೆ. ಪ್ರೆಸ್ಸಿನವರು ಆ ದಿನವೇ ಬೇಕೆಂದು ಕೂತಿದ್ದರು, ಬರೆದು ಕಳಿಸಿ ಉತ್ತರಕ್ಕೆ ಕಾಯುವಷ್ಟು ಸಮಯವಿರಲಿಲ್ಲ. ನೀವು ನಡುನಡುವೆ "ಹೂಂ", "ಹೂಂ ರೀ", ಕೊನೆಗೆ "ಛಲೋ ಐತ್ರಿ" ಎಂದಿರಿ. ಎಷ್ಟು ಹಗುರಾಯಿತು ನನಗೆ! ಆಗಲೇ ಅಚ್ಚಿಗೆ ಕೊಟ್ಟೆ.

ಆ ಖುಷಿಯಲ್ಲೇ ನಿನ್ನೆ ರವಿವಾರ ತೇರದಾಳದ ನಮ್ಮ ತವರಿಗೆ ಹೋಗುವಾಗ ಬನಹಟ್ಟಿಯಲ್ಲಿ ಇಳಿದೆ. ಓಣಿಯಲ್ಲಿ ಕೇಳಿ ನಿಮ್ಮ ಮನೆ ಹುಡುಕಿದೆ. ಒಳಗೆ ಮಗ್ಗ ನಡೆದಿತ್ತು. ಬಾಗಿಲು ಬಡಿದೆ. ಹೆಸರು ಹಿಡಿದು ಕೂಗಿದೆ. ಕಿಟಕಿಯಿಂದ ನಿಮ್ಮ ಬೆನ್ನು ಕಾಣುತ್ತಿತ್ತು. ಕೈ ಸೋಲುವವರೆಗೆ ಬಡಿದೆ. ನೀವು ಹೊರಳಿ ನೋಡಲಿಲ್ಲ.

ಫೋನಿನಲ್ಲಿ ಅಷ್ಟು ಛಲೋ ಮಾತಾಡಿದವರು ಬಾಗಿಲು ಏಕೆ ತೆರೆಯಲಿಲ್ಲ? ಮಗಳು ಜ್ವರದಲ್ಲಿದ್ದಾಗ ನಾನು ಬಂದು ನೋಡಲಿಲ್ಲ, ಮಣ್ಣಿಗೂ ಬರಲಿಲ್ಲ ಎಂದು ಸಿಟ್ಟೇ? ಸಿಟ್ಟಿದ್ದರೆ ಬೈಯಿರಿ. ಬೆನ್ನು ಮಾತ್ರ ತೋರಿಸಬೇಡಿ.

ಬ್ರಾಹ್ಮಿ

&nbsp;

ಬನಹಟ್ಟಿ
20 ಸೆಪ್ಟೆಂಬರ್ 2024

ಅಕ್ಕೋರೆ, ಅಕ್ಕೋರೆ,

ಸಿಟ್ಟು ಏನೂ ಇಲ್ಲ ರೀ. ದೇವರಾಣೆ. ಮಗ್ಗದ ಸದ್ದಿನಲ್ಲಿ ಯಾರಿಗೆ ತಾನೇ ಕೇಳುತ್ತದೆ? ನೀವು ನಮ್ಮ ಹೊಸ್ತಿಲವರೆಗೆ ಬಂದು ನೀರೂ ಕುಡಿಯದೆ ಹೋದಿರಿ ಎಂದು ತಿಳಿದಾಗಿನಿಂದ ನನಗೆ ತುತ್ತು ಇಳಿದಿಲ್ಲ. ಮಣ್ಣಿಗೆ ಬರಲಿಲ್ಲ ಎಂದು ನೀವು ಈಗ ಬರೆದ ಮೇಲೆಯೇ ನನಗೆ ಗೊತ್ತಾದದ್ದು. ಅವತ್ತು ಯಾರು ಬಂದರು, ಯಾರು ಬಿಟ್ಟರು, ನಾನು ಯಾರನ್ನೂ ನೋಡಿಲ್ಲ.

ಆದರೆ ಈಗ ಅದಕ್ಕಿಂತ ಅವಸರದ ಮಾತಿದೆ. ಪ್ರೆಸ್ಸು ನಿಲ್ಲಿಸಿರಿ.

ಮೊನ್ನೆಗೆ ಅವಳು ಹೋಗಿ ವರ್ಷವಾಯಿತು. ಜಂಗಮರನ್ನು ಕರೆದು ಮಾಡುವುದು ಮಾಡಿದೆವು. ಎಲ್ಲರೂ ಉಂಡು ಹೋದ ಮೇಲೆ ಜಗಲಿಯ ಮೇಲಿನ ಮೂರನೆಯ ಹಾಳೆ ಬಿಚ್ಚಿದೆ. ನೀವು ಓದಿದ್ದೀರಿ, ಆದರೂ ಬರೆಯುತ್ತೇನೆ. ನನ್ನ ಕೈಯಿಂದ ಒಮ್ಮೆ ಬರೆಯಬೇಕು ಅನಿಸಿದೆ.

"ದೀಪ ಹಚ್ಚಿದ ದಿನ ನಾನು ಮೇಲಿಂದ ಮೇಲೆ ಗುಂಡಿ ಒತ್ತಿದೆ. ಅವ್ವ ಮಗ್ಗ ನಿಲ್ಲಿಸಿ ಓಡಿ ಬಂದು ಏನು ಬೇಕು ಎಂದು ಕೈ ಮಾಡಿ ಕೇಳಿದಳು. ಏನೂ ಬೇಕಾಗಿರಲಿಲ್ಲ. 'ಸುಮ್ಮಸುಮ್ಮನ ಒತ್ತಬ್ಯಾಡಲೇ ಹುಡುಗಿ, ಎಳಿ ಕಡೀತಾವ' ಎಂದು ಬೈದಳು. ಮರುದಿನ ಮತ್ತೆ ಒತ್ತಿದೆ. ಧ್ವನಿಗಿಂತ ಬೆಳಕು ಬಹಳ ಬೇಗ ಹೋಗುತ್ತದೆ ಎಂದು ವಿಜ್ಞಾನದ ಪುಸ್ತಕದಲ್ಲಿದೆ. ಅದು ಖರೆ. ನಾನು ಎಷ್ಟು ಕೂಗಿದರೂ ಅವ್ವನ ತನಕ ಮುಟ್ಟದ ನನ್ನ ಧ್ವನಿ ಗುಂಡಿ ಒತ್ತಿದರೆ ಥಟ್ಟನೆ ಮುಟ್ಟುತ್ತದೆ. ನನಗೆ ಕೆಲಸವೇನೂ ಇರುವುದಿಲ್ಲ. ಅವ್ವ ಹೊರಳಿ ನೋಡಲಿ ಎಂದು ಒತ್ತುತ್ತೇನೆ."

ಇಷ್ಟೇ ಇದೆ. ಇದರ ಕೆಳಗೆ ಏನೂ ಇಲ್ಲ. ತಿರುಗಿಸಿಯೂ ನೋಡಿದೆ.

ದೀಪ ಖರೆ ಇದೆ ರೀ. ನಿಮಗೆ ಸುಳ್ಳು ಹೇಳಿದ್ದೆ. ಓಣಿಯಲ್ಲಿ ವಾಯರಿನ ಕೆಲಸ ಮಾಡುವ ಹುಲೆಪ್ಪನ ಹತ್ತಿರ ಹಠ ಮಾಡಿ ಹಳೆಯ ಗುಂಡಿ, ವಾಯರು ತಂದು ತಾನೇ ಕೂಡಿಸಿದ್ದಳು. ಈಗ ಮಳೆಗಾಲದಲ್ಲಿ ಗೋಡೆ ತೊಯ್ದರೆ ಯಾರೂ ಒತ್ತದಿದ್ದರೂ ಅದು ಒಮ್ಮೊಮ್ಮೆ ಮಿಣುಕುತ್ತದೆ. ಹುಲೆಪ್ಪ ನೋಡಿ, "ತಂಪಿಗೆ ಹಂಗ ಆಗತೈತಿ ವೈನಿ, ಶಾಕ್ ಹೊಡದೀತು, ತಗದ ಒಗೀತೇನಿ" ಎಂದ. ಮುಟ್ಟಿದರೆ ಕೈ ಮುರಿಯುತ್ತೇನೆ ಎಂದೆ. ಅವನು ಹೇಳಿದ್ದು ಖರೆಯೇ ಇರಬೇಕು. ಆದರೂ ಮಿಣುಕಿದರೆ ನಾನು ಮಗ್ಗ ನಿಲ್ಲಿಸಿ ಬಾಗಿಲ ತನಕ ಹೋಗಿ ನೋಡಿ ಬರುತ್ತೇನೆ.

ಕಥೆಯ ಅವ್ವ ಕಿವುಡಿಯಾಗಿಯೇ ಇರಲಿ. ಓಣಿಯವರು ಏನು ಬೇಕಾದರೂ ಅನ್ನಲಿ. ಅವ್ವನಿಗೆ ಕಿವಿ ಕೇಳಿದರೆ ಅವಳು ಗುಂಡಿ ಏಕೆ ಒತ್ತುತ್ತಾಳೆ? ಒತ್ತದಿದ್ದರೆ ಆ ಅವ್ವ ಏಕೆ ಹೊರಳಿ ನೋಡುತ್ತಾಳೆ? ಅದು ನನಗೆ ಆಗ ಹೊಳೆಯಲಿಲ್ಲ. ನಾನು ಬೈದದ್ದೂ ಇರಲಿ. ನೀವು ಹೊಸದಾಗಿ ಬರೆದದ್ದು ಏನಿದೆಯೋ ನನಗೆ ಗೊತ್ತಿಲ್ಲ, ಛಲೋನೇ ಇರುತ್ತದೆ, ನೀವು ಬರೆದದ್ದಲ್ಲವೇ. ಆದರೆ ಅದನ್ನು ತೆಗೆಯಿರಿ. ಕಾಲು ಬೀಳುತ್ತೇನೆ.

ಇವತ್ತೇ ಪೋಸ್ಟಿಗೆ ಹಾಕುತ್ತೇನೆ. ಡಬ್ಬಿಯಲ್ಲಿ ಹಾಕುವುದಿಲ್ಲ, ಒಳಗೆ ಹೋಗಿ ಕೈಯಲ್ಲೇ ಕೊಡುತ್ತೇನೆ.

ಸೋಮವ್ವ

&nbsp;

ಜಮಖಂಡಿ
24 ಸೆಪ್ಟೆಂಬರ್ 2024

ಸೋಮವ್ವ ಅವರಿಗೆ,

ನಿಮ್ಮಿಂದ ಉತ್ತರವಿಲ್ಲ. ಸಿಟ್ಟು ಇಳಿದಿರಲಿಕ್ಕಿಲ್ಲ. ಆದರೂ ಇವತ್ತು ಬರೆಯದೆ ಇರಲಾರೆ. ನಾಲ್ಕು ದಿನದಿಂದ ಇಲ್ಲೇ ಪ್ರೆಸ್ಸಿನಲ್ಲಿ ಠಿಕಾಣಿ ಹೂಡಿದ್ದೇನೆ. ಪ್ರೆಸ್ಸಿನವರಂತೂ "ಅಕ್ಕೋರ, ಇನ್ನೊಂದ ಅಕ್ಷರ ಬದಲ್ ಮಾಡಿದ್ರ ನಾ ಇದನ್ನ ಮುಚ್ಚಿ ಕಬ್ಬ ಕಡಿಯಾಕ ಹೋಗ್ತೇನಿ" ಎನ್ನುತ್ತಿದ್ದಾರೆ.

ಪುಸ್ತಕ ಬಂತು. ಇನ್ನೂ ಶಾಯಿಯ ವಾಸನೆ ಇದೆ. ಮೊದಲ ಪ್ರತಿಯನ್ನು ನಿಮಗೇ ಕಳಿಸುತ್ತಿದ್ದೇನೆ. ರಾಜಶ್ರೀಯದೇ ಮೊದಲ ಕಥೆ. ಫೋಟೋದಲ್ಲಿ ನಗು ಇಲ್ಲ, ಆದರೆ ಕಣ್ಣು ಚೆನ್ನಾಗಿ ಬಂದಿವೆ.

ಮಕ್ಕಳ ದಿನಾಚರಣೆಯಂದು ಇಲ್ಲೇ ಜಮಖಂಡಿಯಲ್ಲಿ ಬಿಡುಗಡೆ. ಅವಳ ಗೆಳತಿ ನೇಹಾ ಕಥೆಯನ್ನು ಓದುತ್ತಾಳೆ. ವೇದಿಕೆಯ ಮೇಲೆ ನಿಮಗೆ ಕುರ್ಚಿ ಇಟ್ಟಿರುತ್ತೇವೆ.

ಬ್ರಾಹ್ಮಿ

&nbsp;

ಮುಧೋಳ
30 ಸೆಪ್ಟೆಂಬರ್ 2024

ಸೋಮವ್ವ,

ಶಾಲೆಗೆ ಮರಳಿ ಬಂದೆ. ನಿಮ್ಮ ಪತ್ರ ನನ್ನ ಮೇಜಿನ ಮೇಲಿತ್ತು. ಹಾಜರಿ ಪುಸ್ತಕದ ಕೆಳಗೆ.

ಪುಸ್ತಕ ಅಚ್ಚಾಗಿ, ರಟ್ಟು ಕಟ್ಟಿಯೂ ಮುಗಿದುಬಿಟ್ಟಿದೆ. ಶಿದ್ರಾಮಪ್ಪ ಸರ್ ಹತ್ತಿರ ಹೋಗಿ ಬೇಡಿಕೊಂಡೆ, ಅಳುವುದೊಂದು ಬಾಕಿ. "ಆಕಿ ಬ್ಯಾಡಂದಿದ್ರ ನಾ ಒಂದ ಅಕ್ಷರ ಮುಟ್ಟತಿರಲಿಲ್ರಿ. ಆಕೀನ ಬರದ ಕೇಳಿದ್ಲು, ಫೋನಿನ್ಯಾಗೂ ಹೂಂ ಅಂದ್ಲು. ಇನ್ನೇನ ಮಾಡೂನು?" ಎಂದರು. ಅವರ ಮುಖವೂ ಸಣ್ಣದಾಗಿತ್ತು.

ನಾನು ಪೂರಾ ಓದಿ ಹೇಳಿದ್ದೆನಲ್ಲ, ಸೋಮವ್ವ. ಮಗಳು ಗುಂಡಿ ಒತ್ತುವ ಮಾತು ಅದರಲ್ಲಿ ಇರಲಿಲ್ಲ, ಅದು ನಿಮಗೆ ಕೇಳಿಸಿತ್ತು. ಆಗ ಏಕೆ ಹೂಂ ಎಂದಿರಿ?

ಬ್ರಾಹ್ಮಿ

&nbsp;

ಮುಧೋಳ
18 ನವೆಂಬರ್ 2024

ಸೋಮವ್ವ ಅವರಿಗೆ,

ಒಂದೂವರೆ ತಿಂಗಳಾಯಿತು, ನಿಮ್ಮಿಂದ ಒಂದು ಅಕ್ಷರವಿಲ್ಲ. ಕಾರ್ಯಕ್ರಮ ಮುಗಿಯಿತು. ನಿಮ್ಮ ಕುರ್ಚಿ ಕೊನೆಯವರೆಗೂ ಖಾಲಿ ಇತ್ತು. ಯಾರೋ ಅದರ ಮೇಲೆ ಹಾರದ ಬುಟ್ಟಿ ಇಟ್ಟರು. ನಾನು ಎದ್ದು ಹೋಗಿ ತೆಗೆದಿಟ್ಟೆ.

ನೇಹಾ ಚೆನ್ನಾಗಿ ಓದಿದಳು. ಅಚ್ಚಾದದ್ದನ್ನೇ ಓದಿದಳು. ಸರಕಾರದ ಶಿಬಿರದಲ್ಲಿ ಅವ್ವನಿಗೆ ಮಷೀನ್ ಸಿಗುತ್ತದೆ, ಮಗಳು ಬಾಗಿಲಲ್ಲಿ ನಿಂತು "ಅವ್ವಾ" ಎನ್ನುತ್ತಾಳೆ, ಅವ್ವ "ಓ" ಎನ್ನುತ್ತಾಳೆ, ಇಬ್ಬರೂ ಸೇರಿ ಆ ಕೆಂಪು ದೀಪವನ್ನು ಬಿಚ್ಚಿ ದೀಪಾವಳಿಗೆ ಮನೆಯ ಮುಂದೆ ಹಚ್ಚುತ್ತಾರೆ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಅದು ನಾನು ಬರೆದದ್ದಕ್ಕೆ ಬಿದ್ದ ಚಪ್ಪಾಳೆ. ಅಲ್ಲಿ ಕೂತು ಅದನ್ನು ಕೇಳಿಸಿಕೊಂಡೆ.

ಹೆಚ್ಚಿನ ಪುಸ್ತಕಗಳು ಅಂದೇ ಊರೂರಿಗೆ ಹೋದವು. ಸ್ವಲ್ಪ ನನ್ನಲ್ಲಿ ಉಳಿದಿವೆ. ಅವುಗಳೊಳಗಾದರೂ ರಾಜಶ್ರೀಯ ಮೂರನೆಯ ಹಾಳೆಯನ್ನು, ಅವಳ ಕೈಬರಹದಲ್ಲೇ, ಒಂದೊಂದು ಪ್ರತಿ ಮಾಡಿ ಅಂಟಿಸಬೇಕು ಎಂದಿದ್ದೇನೆ. ನೀವು ಹೂಂ ಎಂದರೆ ಮಾತ್ರ. ಈ ಸಲ ಫೋನಿನಲ್ಲಿ ಬೇಡ. ಬರೆದು ಹೇಳಿ.

ಬ್ರಾಹ್ಮಿ

&nbsp;

ಬನಹಟ್ಟಿ
1 ಡಿಸೆಂಬರ್ 2024

ಬ್ರಾಹ್ಮಿ ಅಕ್ಕೋರಿಗೆ,

ನಾನು ಬಂದಿದ್ದೆ ರೀ.

ಬಸ್ಸಿಗೆ ಬಂದು ಕಡೆಯ ಸಾಲಿನಲ್ಲಿ, ನೀರಿನ ಡ್ರಮ್ಮಿನ ಹತ್ತಿರ ಕುಳಿತಿದ್ದೆ. ಕುರ್ಚಿಯೂ ಕಂಡಿತು, ಬುಟ್ಟಿಯೂ ಕಂಡಿತು, ನೀವು ಎದ್ದು ಹೋಗಿ ತೆಗೆದದ್ದೂ ಕಂಡಿತು. ವೇದಿಕೆಯ ಮೇಲೆ ಕುಳಿತರೆ ಮಗ್ಗುಲಿನಿಂದ ಯಾರಾದರೂ ಮಾತಾಡಿಸುತ್ತಾರೆ. ಮಗ್ಗುಲಿನಿಂದ ಆಡಿದ ಮಾತು ನನಗೆ ತಿಳಿಯುವುದಿಲ್ಲ. ಎದುರು ನಿಂತು ಆಡಿದರೆ ಬಾಯಿ ನೋಡಿ ತಿಳಿದುಕೊಳ್ಳುತ್ತೇನೆ. ಪಾಲಕರ ಸಭೆಯಲ್ಲಿ ನಿಮ್ಮ ಮುಖ ನೋಡುತ್ತ ನಿಂತದ್ದು ಅದಕ್ಕೇ.

ನನಗೆ ಕಿವಿ ಕೇಳುವುದಿಲ್ಲ, ಅಕ್ಕೋರೆ. ನಮ್ಮ ಓಣಿಯಲ್ಲಿ ಅರ್ಧ ಮಂದಿಗೆ ಹೀಗೇ. ಅವರು ಹೇಳಿಕೊಂಡು ನಗುತ್ತಾರೆ, ನನಗೆ ಮಾತ್ರ ಆಗಲಿಲ್ಲ. ನೀವು ಬರೆದ ಮಷೀನನ್ನು ರಾಜಿ ನನಗೂ ಹಠ ಹಿಡಿದು ಕೊಡಿಸಿದ್ದಳು. ಹಾಕಿಕೊಂಡರೆ ಅವಳ ಧ್ವನಿಗಿಂತ ಮಗ್ಗದ ಸದ್ದೇ ದೊಡ್ಡದಾಗಿ ಕೇಳುತ್ತಿತ್ತು. ತೆಗೆದು ಡಬ್ಬಿಗೆ ಹಾಕಿದೆ. ಆಮೇಲೆಯೇ ಅವಳು ದೀಪ ಮಾಡಿದ್ದು. "ಹೋಗ್ಲಿ ಬಿಡ ಬೇ ಯವ್ವಾ, ನಿನಗ ನಾ ಬ್ಯಾರೆ ಮಾಡ್ತೇನಿ" ಎಂದಿದ್ದಳು, ನನ್ನ ಗದ್ದ ಹಿಡಿದು ತನ್ನ ಕಡೆ ಹೊರಳಿಸಿಕೊಂಡು.

ಹೂಂ ಎಂದದ್ದಕ್ಕೆ ಇಷ್ಟೇ ಕಾರಣ. ಫೋನು ನಡುಗಿದರೆ ಎತ್ತುತ್ತೇನೆ. ಅತ್ತ ಕಡೆ ಗುಂಯ್ ಎನ್ನುವುದು ನಿಂತಾಗ ಹೂಂ ಎನ್ನುತ್ತೇನೆ. ಮತ್ತೆ ಗುಂಯ್, ಮತ್ತೆ ಹೂಂ. ಮನೆಯವರು ಇಚಲಕರಂಜಿಯಿಂದ ಮಾಡಿದರೂ ಅಷ್ಟೇ. "ಹೂಂ, ಊಟ ಆತು. ಹೂಂ, ಛಲೋ ಐತಿ." ಅವರಿಗೆ ಗೊತ್ತು. ಗೊತ್ತಿದ್ದೂ ದಿನಾ ಮಾಡುತ್ತಾರೆ. ನೀವು ಅಷ್ಟು ಹೊತ್ತು ಮಾತಾಡಿದಾಗ, ಪಾಪ, ನನ್ನ ದುಃಖಕ್ಕೆ ಸಮಾಧಾನ ಹೇಳುತ್ತಿದ್ದಾರೆ ಎಂದುಕೊಂಡೆ.

ನೇಹಾ ಓದಲು ನಿಂತಳು. ಅವಳ ಬಾಯಿ ನೋಡೋಣ ಎಂದು ಕುತ್ತಿಗೆ ಉದ್ದ ಮಾಡಿದೆ. ಮೈಕು ಅಡ್ಡ ಬಂತು. ಕಣ್ಣು, ಹುಬ್ಬು, ಹಣೆ ಕಂಡವು, ತುಟಿ ಕಾಣಲಿಲ್ಲ. ಎಲ್ಲರೂ ಎದ್ದು ಚಪ್ಪಾಳೆ ಹೊಡೆದರು. ನಾನೂ ಎದ್ದು ಹೊಡೆದೆ. ಯಾವುದಕ್ಕೆ ಹೊಡೆದೆ ಎಂದು ಈಗ ನಿಮ್ಮ ಪತ್ರ ಓದಿದ ಮೇಲೆ ತಿಳಿಯಿತು. ನೀವು ಕಳಿಸಿದ ಪುಸ್ತಕವನ್ನು ನಾನು ಇನ್ನೂ ತೆರೆದಿಲ್ಲ. ಜಗಲಿಯ ಮೇಲೆ ಇದೆ.

ನಿಮಗೆ ಬೇಸರವಾಗಬಾರದು. ಬೇಡಿಕೊಂಡವಳೂ ನಾನೇ, ಹೂಂ ಎಂದವಳೂ ನಾನೇ. ಆದರೆ ಆ ಮೂರನೆಯ ಹಾಳೆಗೆ ನಾನು ಏಕೆ ಅಷ್ಟು ಜೋತುಬಿದ್ದೆ ಎಂದು ಯಾರಿಗೂ ಹೇಳಿಲ್ಲ, ಮನೆಯವರಿಗೂ. ನಿಮಗೆ ಹೇಳುತ್ತೇನೆ.

ಬಾಗಲಕೋಟೆಯ ದವಾಖಾನೆಯಲ್ಲಿ ಕಡೆಯ ದಿನ. ಮನೆಯವರು ಅವಳಿಗೆ ರಕ್ತ ತರಲು ಹೋಗಿದ್ದರು. ನಾನೊಬ್ಬಳೇ ಮಗ್ಗುಲಲ್ಲಿ ಇದ್ದೆ. ಉಸಿರಿಗೆಂದು ಅವಳ ಮೂಗು-ಬಾಯಿಗೆ ಮಾಸ್ಕ್ ಹಾಕಿದ್ದರು. ಅವಳು ಕಣ್ಣು ತೆರೆದು ನನ್ನನ್ನು ನೋಡಿದಳು. ಏನೋ ಹೇಳಿದಳು. ಮಾಸ್ಕಿನ ಒಳಗೆಲ್ಲ ಹಬೆ ಕಟ್ಟಿತ್ತು. ತುಟಿ ಆಡುವುದು ಕಂಡಿತು, ಮಾತು ಕಾಣಲಿಲ್ಲ. ಮಾಸ್ಕ್ ಸರಿಸಲು ಹೋದರೆ ಸಿಸ್ಟರು ಕೈ ಹಿಡಿದರು, ಅವರ ಕೆಲಸ ಅದು. ಅವಳು ಮತ್ತೊಮ್ಮೆ ಹೇಳಿದಳು. ನಾನು ಹೂಂ ಎಂದೆ. ಅವಳಿಗೆ ಸಮಾಧಾನ ಆದ ಹಾಗೆ ಕಾಣಿಸಿತು. ಕಣ್ಣು ಮುಚ್ಚಿದಳು.

ನೀರು ಕೇಳಿದಳೋ, ಮನೆಗೆ ಹೋಗೋಣ ಎಂದಳೋ, ಅಪ್ಪ ಎಲ್ಲಿ ಎಂದಳೋ. ನಾನು ಯಾವುದಕ್ಕೆ ಹೂಂ ಎಂದೆನೋ ಇವತ್ತಿಗೂ ಗೊತ್ತಿಲ್ಲ. ಮಗ್ಗದ ಮುಂದೆ ಕುಳಿತಾಗೆಲ್ಲ ಆ ತುಟಿಗಳಿಗೆ ಒಂದೊಂದು ಮಾತು ಹಚ್ಚಿ ನೋಡುತ್ತೇನೆ. ಯಾವುದೂ ಹೊಂದುವುದಿಲ್ಲ.

ಅದಕ್ಕೇ ರೀ, ಅವಳು ಬರೆದ ಮಾತಾದರೂ ಅವಳು ಬರೆದ ಹಾಗೆ ಇರಲಿ ಎಂದದ್ದು. ಅದೊಂದು ನನಗೆ ಪೂರಾ ತಿಳಿಯುತ್ತದೆ. ಅದನ್ನು ಓದಲು ಕಿವಿ ಬೇಕಾಗುವುದಿಲ್ಲ.

ಹಾಳೆ ಅಂಟಿಸಿರಿ. ಹೂಂ. ಇದು ತಿಳಿದು ಹೇಳುವ ಹೂಂ. ಉಳಿದ ಪುಸ್ತಕಗಳಲ್ಲಿ ಆದಷ್ಟು ಸಾಕು. ಹೋದವು ಹೋದವು. ಅಂಟಿಸುವಾಗ ನಾನೂ ಒಂದಿಷ್ಟು ಅಂಟಿಸಲೇನು? ನೂಲಿಗೆ ಗಂಟು ಹಾಕಿ ಹಾಕಿ ನನ್ನ ಬೆರಳು ಹದವಾಗಿವೆ, ಹಾಳೆ ಸುಕ್ಕಾಗಲು ಬಿಡುವುದಿಲ್ಲ. ನನ್ನಲ್ಲಿ ಇರುವ ಪ್ರತಿಗೂ ಒಂದು ಬೇಕು. ಅದನ್ನು ಅಂಟಿಸಿದ ಮೇಲೆ ಪುಸ್ತಕ ತೆರೆಯುತ್ತೇನೆ.

ರವಿವಾರ ತೇರದಾಳಕ್ಕೆ ಹೋಗುವಾಗ ಇಳಿಯಿರಿ. ಈ ಸಲ ಬಾಗಿಲು ಬಡಿಯಬೇಡಿರಿ, ಕೂಗಲೂ ಬೇಡಿರಿ. ಚೌಕಟ್ಟಿನ ಬಲಗಡೆ, ಒಂಬತ್ತನೆಯ ಇಯತ್ತೆಯ ಹುಡುಗಿಯ ಭುಜದ ಎತ್ತರಕ್ಕೆ, ಒಂದು ಬಿಳಿ ಗುಂಡಿ ಇದೆ. ಅವಳು ಹೋದ ಮೇಲೆ ಅದನ್ನು ನಾನು ಯಾರಿಗೂ ಮುಟ್ಟಗೊಟ್ಟಿಲ್ಲ. ಮನೆಯವರೂ ಕಿಟಕಿಯಿಂದ ನೂಲಿನ ಉಂಡೆ ಒಗೆದು ಕರೆಯುತ್ತಾರೆ.

ನೀವು ಒತ್ತಿರಿ. ಕೆಲಸವೇನೂ ಇಲ್ಲದಿದ್ದರೂ ಒತ್ತಿರಿ. ನಾನು ಬೈಯುವುದಿಲ್ಲ.

ಹೊರಳಿ ನೋಡುತ್ತೇನೆ.

ಸೋಮವ್ವ